ಕಲಬುರಗಿಯಲ್ಲಿ ಮೊದಲ ಬೈಕ್: ಕ್ಲಾಸಿಕ್ 350 ತಗೊಳ್ಳಲಾ, ಡ್ಯೂಕ್ 200 ತಗೊಳ್ಳಲಾ? ಎತ್ತರ 5 ಅಡಿ 4 ಇಂಚು, ಈಗಷ್ಟೇ ಎಲ್‌ಎಲ್ (ಲರ್ನರ್ ಲೈಸೆನ್ಸ್) ಆಗಿದೆ

ಎರಡೂ ಬೇಡ. ನಾನೂ ನಿಮ್ಮಷ್ಟೇ ಎತ್ತರ, ಎಲ್‌ಎಲ್ ಕೈಗೆ ಬಂದ ಕೂಡಲೇ 350 ಸಿಸಿ ಗಾಡಿ ತಗೊಂಡವನು.

ಶೋರೂಮಿನಲ್ಲಿ ಹತ್ತಿ ಕೂತೆ. ಎರಡೂ ಕಾಲಿನ ಬೆರಳು ನೆಲಕ್ಕೆ ಮುಟ್ಟಿದವು, ಸಾಕು ಅಂದುಕೊಂಡೆ. ನಾನು ಎಡವಿದ್ದು ಇಲ್ಲೇ. ಅಲ್ಲಿರೋದು ಟೈಲ್ಸ್ ನೆಲ, ಮಟ್ಟಸವಾಗಿರುತ್ತೆ. ನಾವು ಗಾಡಿ ನಿಲ್ಲಿಸೋದು ಟೈಲ್ಸ್ ಮೇಲಲ್ಲ ಅಲ್ವಾ?

ಸೇಡಂ ರಸ್ತೆ ಗೊತ್ತಲ್ಲ, ಸಿಮೆಂಟ್ ಲಾರಿಗಳ ಓಡಾಟ ಜಾಸ್ತಿ. ಮಳೆ ಆಗಷ್ಟೇ ಶುರುವಾಗಿತ್ತು. ಹಿಂದಿನಿಂದ ಲಾರಿ ಹಾರ್ನ್ ಹೊಡೆಯಿತು, ನಾನು ಎಡಕ್ಕೆ ಸರಿದು ನಿಲ್ಲಿಸಲು ಹೋದೆ. ಹ್ಯಾಂಡಲ್ ಇನ್ನೂ ಎಡಕ್ಕೇ ತಿರುಗಿತ್ತು, ಅಷ್ಟರಲ್ಲಿ ಮುಂದಿನ ಬ್ರೇಕ್ ಹಿಡಿದೆ. ನಡೆಯುವಷ್ಟು ನಿಧಾನದಲ್ಲಿ ಹೀಗೆ ಮಾಡಿದರೆ ಗಾಡಿ ತಿರುಗಿದ ಕಡೆಗೇ ವಾಲುತ್ತೆ. ಎಬಿಎಸ್ ಇದ್ದರೂ ಅಷ್ಟೇ, ಅದು ಚಕ್ರ ಲಾಕ್ ಆಗದಂತೆ ನೋಡುತ್ತೆ, ಗಾಡಿಯನ್ನು ಎತ್ತಿ ಹಿಡಿಯಲ್ಲ. ಎಡಗಾಲು ಊರಿದೆ. ಡಾಂಬರಿನ ಅಂಚಿನಿಂದ ಮಣ್ಣು ಒಂದು ಗೇಣು ಕೆಳಗಿತ್ತು, ಕಾಲಿಗೆ ನೆಲ ಸಿಗಲೇ ಇಲ್ಲ, ಸಿಕ್ಕಾಗ ಅದು ಒದ್ದೆ ಎರೆ ಮಣ್ಣು. ಜಾರಿತು. ನೆಟ್ಟಗೆ ನಿಂತಿರೋವರೆಗೆ ಗಾಡಿ ಭಾರ ಚಕ್ರದ ಮೇಲಿರುತ್ತೆ, ವಾಲಿತೋ ನಿಮ್ಮ ಒಂದೇ ಕಾಲಿನ ಮೇಲೆ. ಆಗ ಬಿಟ್ಟುಬಿಡಬೇಕು. ಹೊಸ ಗಾಡಿ ಅಂತ ನಾನು ಹಿಡಿದುಕೊಂಡೇ ಇದ್ದೆ, ಪಾದದ ಗಂಟಿನ ಹತ್ತಿರ ಮೂಳೆ ಮುರಿಯಿತು.

ತೊಗರಿ ಬಿತ್ತನೆ ಹೊತ್ತಿಗೆ ನಾನು ಪ್ಲಾಸ್ಟರ್ ಹಾಕಿಕೊಂಡು ಮನೆಯಲ್ಲಿ, ಹೊಲದಲ್ಲಿ ಅಪ್ಪ ಒಬ್ಬರೇ. ಅದು ನನಗೆ ಇವತ್ತಿಗೂ ನೋವು.

ಹಾಗಾಗಿ ಸಿಸಿ ಕೇಳಬೇಡಿ, ತೂಕ ಕೇಳಿ. ಕ್ಲಾಸಿಕ್ 350 ಸುಮಾರು 195 ಕೆಜಿ. ಸ್ಪ್ಲೆಂಡರ್ ಪ್ಲಸ್ ಸುಮಾರು 112. ಸೀಟಿನ ಎತ್ತರ ನೋಡಿದರೆ 805 ಮಿಮೀ ಮತ್ತು 785, ಅಂಥ ವ್ಯತ್ಯಾಸವೇನಿಲ್ಲ, ಆದರೆ ವಾಲಿದಾಗ ಆ 80 ಕೆಜಿ ಎಲ್ಲಿ ಬೀಳುತ್ತೆ ಅಂತ ಹೇಳಿದೆನಲ್ಲ. ಡ್ಯೂಕ್ ಹಗುರ, ನಿಜ. ಆದರೆ ಸೀಟು 820 ದಾಟುತ್ತೆ, ಮೇಲಾಗಿ ಕಲಿಯುವವರ ಕೈಗೆ ಆ ಎಂಜಿನ್ ಬೇಡವೇ ಬೇಡ. ಆಕ್ಸಿಲೇಟರ್ ಸ್ವಲ್ಪ ಜಾಸ್ತಿ ತಿರುವಿದರೂ ಕ್ಷಮಿಸುವ ಗಾಡಿ ಅಲ್ಲ ಅದು.

ಕಾಲು ವಾಸಿಯಾದ ಮೇಲೆ ನಾನು ನಿಜವಾಗಿ ಕಲಿತಿದ್ದು ಕಾಕಾನ ಹಳೆ ಸ್ಪ್ಲೆಂಡರ್‌ನಲ್ಲಿ. ಬೆಳಿಗ್ಗೆ ಬಿಸಿಲೇರುವ ಮೊದಲು ಎನ್‌ವಿ ಮೈದಾನಕ್ಕೆ ಹೋಗಿ ಬರೀ ಹಾಫ್ ಕ್ಲಚ್‌ನಲ್ಲಿ, ಅಂದ್ರೆ ಕ್ಲಚ್ ಅರ್ಧ ಮಾತ್ರ ಬಿಟ್ಟು, ನಿಧಾನವಾಗಿ ಸುತ್ತು ಹೊಡೆಯೋದು, ಹ್ಯಾಂಡಲ್ ನೆಟ್ಟಗೆ ಮಾಡಿ ನಿಲ್ಲಿಸೋದು. ಅದು ಬಂದಮೇಲೆ ಸೂಪರ್ ಮಾರ್ಕೆಟ್ ಏರಿಯಾದ ಗದ್ದಲದಲ್ಲೂ ಭಯ ಆಗಲಿಲ್ಲ. ಎಲ್‌ಎಲ್ 6 ತಿಂಗಳು ಇರುತ್ತೆ, ಅವಸರ ಯಾಕೆ? 100 ಅಥವಾ 125 ಸಿಸಿಯ ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳಿ. ಉಳಿದ ದುಡ್ಡಲ್ಲಿ ಮೊದಲು ಐಎಸ್‌ಐ ಗುರುತಿನ ಫುಲ್ ಫೇಸ್ ಹೆಲ್ಮೆಟ್, ಕಣಕಾಲು ಮುಚ್ಚುವ ಶೂ.

ಗಾಡಿ ನೋಡಲು ಹೋದಾಗ ಹೊರಗೆ ತರಿಸಿ. ಇಳಿಜಾರಿನಲ್ಲಿ ಹತ್ತಿ ಕೂತು ಕಾಲಲ್ಲೇ ಹಿಂದಕ್ಕೆ ತಳ್ಳಿ ನೋಡಿ, ಆಗದಿದ್ದರೆ ಆ ಗಾಡಿ ನಿಮಗಲ್ಲ. ಆರ್‌ಸಿ, ಇನ್ಶೂರೆನ್ಸ್ ಎರಡೂ ನಿಮ್ಮ ಹೆಸರಿಗೆ ಆಗೋವರೆಗೆ ಪೂರ್ತಿ ದುಡ್ಡು ಕೊಡಬೇಡಿ.