ಹಳೆ ಕಾರಿಗೆ ಕಂಪನಿ ಸಾಮಾನೋ, ಹೊರಗಿನದ್ದೋ?

ಪ್ರಶ್ನೆ: ನನ್ನದು 2009ರ ಸ್ವಿಫ್ಟ್ ಡೀಸೆಲ್. 1 ಲಕ್ಷ 40 ಸಾವಿರ ಕಿಲೋಮೀಟರ್ ಓಡಿದೆ. 15 ವರ್ಷ ತುಂಬಿದಾಗ ಇನ್ನು 5 ವರ್ಷಕ್ಕೆ ಆರ್‌ಸಿ ನವೀಕರಿಸಿಕೊಂಡಿದ್ದೇನೆ, ಮಾರುವ ಯೋಚನೆ ಇಲ್ಲ. ಈ ಮಳೆಗಾಲದ ನಂತರ ಮುಂದೆ ಎಡಗಡೆ ಕಟಕಟ ಶಬ್ದ ಬರುತ್ತಿದೆ. ಸರ್ವಿಸ್ ಸೆಂಟರಿನಲ್ಲಿ ಎರಡೂ ಕಡೆಯ ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್, ಮೌಂಟ್, ಲಿಂಕ್ ರಾಡ್ ಎಲ್ಲ ಬದಲಿಸಬೇಕೆಂದು ಉದ್ದದ ಪಟ್ಟಿ ಕೊಟ್ಟಿದ್ದಾರೆ. ಊರಿನ ಮೆಕ್ಯಾನಿಕ್ ಹೊರಗಿನ ಸಾಮಾನು ಹಾಕಿದರೆ ಅರ್ಧ ದುಡ್ಡಿನಲ್ಲಿ ಮುಗಿಯುತ್ತದೆ ಅನ್ನುತ್ತಾರೆ. ಯಾರ ಮಾತು ಕೇಳಲಿ ಅಣ್ಣಾ?
– ಅಡಿಕೆ ಕೃಷಿಕರು, ಪೆರ್ಲ

ಉತ್ತರ: ಆ ಪಟ್ಟಿಯನ್ನು ಸದ್ಯಕ್ಕೆ ಮಡಚಿ ಡ್ಯಾಶ್‌ಬೋರ್ಡಿನ ಒಳಗೆ ಇಡಿ. ಯಾರ ಸಾಮಾನು ಅನ್ನುವುದು ಆಮೇಲಿನ ಪ್ರಶ್ನೆ. ಯಾವ ಸಾಮಾನು ಹೋಗಿದೆ ಅಂತ ಮೊದಲು ಗೊತ್ತಾಗಬೇಕಲ್ವಾ? ನಿಮ್ಮ ಪತ್ರದಲ್ಲಿ ಶಬ್ದ ಎಡಗಡೆ ಮಾತ್ರ. ಪಟ್ಟಿಯಲ್ಲಿ ಇಡೀ ಮುಂಭಾಗವೇ ಇದೆ.

ಶಬ್ದ ಯಾವಾಗ ಬರುತ್ತದೆ ಎಂದು ನೋಡಿ. ಸಣ್ಣ ಸಣ್ಣ ಗುಂಡಿಗಳ ಮೇಲೆ ನಿಧಾನಕ್ಕೆ ಹೋಗುವಾಗ ಕಟಕಟ ಅಂದರೆ ಹೆಚ್ಚಿನ ಸಲ ಅದು ಲಿಂಕ್ ರಾಡ್, ಅಂದರೆ ತಿರುವಿನಲ್ಲಿ ಗಾಡಿ ವಾಲುವುದನ್ನು ತಡೆಯುವ ಸರಳನ್ನು ಚಕ್ರದ ಕಡೆಗೆ ಜೋಡಿಸುವ ಸಣ್ಣ ಕಡ್ಡಿ. ಆ ಪಟ್ಟಿಯಲ್ಲಿ ಕಡಿಮೆ ಬೆಲೆಯ ಸಾಮಾನುಗಳಲ್ಲಿ ಅದೂ ಒಂದು. ಬ್ರೇಕ್ ಒತ್ತಿದ ಕೂಡಲೇ ಒಂದೇ ಸಲ ‘ಧಡ್’ ಅಂದರೆ ಲೋವರ್ ಆರ್ಮ್‌ನ (ಚಕ್ರವನ್ನು ಕೆಳಗಡೆ ಗಾಡಿಗೆ ಹಿಡಿದಿಡುವ ತೋಳು) ಬುಷ್, ಅಂದರೆ ಜೋಡಣೆಯ ರಬ್ಬರ್ ನೋಡಬೇಕು. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಹಾರಿದ ಹಾಗೆ ‘ಟಣ್’ ಅಂದರೆ ಶಾಕ್ ಅಬ್ಸಾರ್ಬರನ್ನು ಮೇಲುಗಡೆ ಗಾಡಿಗೆ ಕೂರಿಸುವ ಮೌಂಟಿನ ಬೇರಿಂಗ್ ಸಿಕ್ಕಿಕೊಳ್ಳುತ್ತಿದೆ. ಹಂಪ್ ದಾಟಿದ ಮೇಲೂ ಕಾರಿನ ಮೂತಿ ಎರಡು ಮೂರು ಸಲ ಏಳುತ್ತಾ ಇಳಿಯುತ್ತಾ ಇದ್ದರೆ ಮಾತ್ರ ಶಾಕ್ ಅಬ್ಸಾರ್ಬರಿನ ಮಾತು. ಅದರ ಮೈಮೇಲೆ ಎಣ್ಣೆಯ ತೆಳು ಪಸೆ ಕಂಡರೆ ಹೆದರಬೇಡಿ. ಎಣ್ಣೆ ಒಸರಿ ಧೂಳು ಕೆಸರಿನ ಹಾಗೆ ಅಂಟಿದ್ದರೆ ಅದು ಮುಗಿಯಿತು.

ಲಿಂಕ್ ರಾಡ್ ಬಗ್ಗೆ ಸಂಶಯ ಇದ್ದರೆ ನಮ್ಮ ಗ್ಯಾರೇಜಿನಲ್ಲಿ ಮಾಡುವುದು ಇಷ್ಟೇ. ಎರಡೂ ಕಡೆಯದ್ದನ್ನು ಬಿಚ್ಚಿ, ಹತ್ತಿರದ ಹಾಳು ಮಾರ್ಗದಲ್ಲಿ ನಿಧಾನಕ್ಕೆ ಒಂದು ಸುತ್ತು ಹೋಗಿ ಬರುವುದು. ಶಬ್ದ ನಿಂತರೆ ಕಳ್ಳ ಸಿಕ್ಕಿದ ಹಾಗೆ. ನಿಮ್ಮ ಮೆಕ್ಯಾನಿಕ್ ಹತ್ತಿರವೂ ಇದನ್ನೇ ಮಾಡಿಸಿ. ಬಿಚ್ಚಿದ ಗಾಡಿಯನ್ನು ನೀವು ಪೇಟೆಗೆ ಕೊಂಡುಹೋಗಬೇಡಿ, ತಿರುವಿನಲ್ಲಿ ಜಾಸ್ತಿ ವಾಲುತ್ತದೆ.

ಇನ್ನು ಕಂಪನಿಯದ್ದೋ ಹೊರಗಿನದ್ದೋ ಅನ್ನುವುದು. ಕಾರು ಕಂಪನಿ ಈ ಸಾಮಾನುಗಳಲ್ಲಿ ಹೆಚ್ಚಿನದ್ದನ್ನು ತಾನೇ ಮಾಡುವುದಿಲ್ಲ, ಬೇರೆಯವರಿಂದ ಮಾಡಿಸಿಕೊಳ್ಳುತ್ತದೆ. ಗೇಬ್ರಿಯಲ್‌ನವರು 1961ರಿಂದ ಶಾಕ್ ಅಬ್ಸಾರ್ಬರ್ ಕಸುಬಿನಲ್ಲಿದ್ದಾರೆ. ಸ್ಟೇರಿಂಗ್ ಜಾಯಿಂಟುಗಳಿಗೆ ರಾಣೆಯವರ ಹೆಸರು ಹಳೆಯದು. ಇಂಥವರು ಕಾರು ಕಂಪನಿಗಳಿಗೂ ಕೊಡುತ್ತಾರೆ, ತಮ್ಮದೇ ಹೆಸರಿನ ಡಬ್ಬಿಯಲ್ಲಿ ಅಂಗಡಿಗೂ ಕಳಿಸುತ್ತಾರೆ. ಹಾಗಾಗಿ ‘ಹೊರಗಿನದ್ದು’ ಅಂದ ಕೂಡಲೇ ಅದು ಕಳಪೆ ಅಲ್ಲ. ಆದರೆ ಅದೇ ಅಂಗಡಿಯ ಅದೇ ಕಪಾಟಿನಲ್ಲಿ ಹೆಸರು ಕೇಳದ ಡಬ್ಬಿಗಳೂ ಇರುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಕಂಪನಿ ಡಬ್ಬಿಯಲ್ಲೇ ಬರುವ ಡೂಪ್ಲಿಕೇಟ್.

ಲೋವರ್ ಆರ್ಮ್ ಮತ್ತು ಅದರ ತುದಿಯ ಗುಂಡಿನ ಕೀಲು, ಅಂದರೆ ಬಾಲ್ ಜಾಯಿಂಟ್ ಮಾತ್ರ ಕಂಪನಿಯದ್ದೇ ಹಾಕಿ. ಇಲ್ಲಿ ನಾನು ಚೌಕಾಶಿಗೆ ಒಪ್ಪುವವನಲ್ಲ. ಚಕ್ರ ಕೆಳಗಡೆ ನಿಂತಿರುವುದೇ ಆ ಒಂದು ಜಾಯಿಂಟಿನಲ್ಲಿ. ಅದು ಕಳಚಿದರೆ ಚಕ್ರ ಮಡಚಿ ಗಾಡಿ ನೆಲಕ್ಕೆ ಕೂರುತ್ತದೆ. ನಮ್ಮ ಕಡೆಯ ಮಾರ್ಗ ನಿಮಗೆ ಗೊತ್ತೇ ಇದೆ. ತೋಟಕ್ಕೆ ಇಳಿಯುವ ಕಡೆ ಎಲ್ಲ ಮುರಕಲ್ಲು, ಜೂನ್ ಬಂದರೆ ಕೆಂಪು ನೀರು. ಬಾಲ್ ಜಾಯಿಂಟಿನ ರಬ್ಬರ್ ಟೊಪ್ಪಿಯಲ್ಲಿ ಉಗುರಿನಷ್ಟು ಸೀಳು ಬಿದ್ದರೆ ಸಾಕು, ಆ ನೀರು ಒಳಗೆ ಹೋಗುತ್ತದೆ. ಬಿಚ್ಚಿ ನೋಡಿದರೆ ಗ್ರೀಸ್ ಇರಬೇಕಾದ ಜಾಗದಲ್ಲಿ ಇಟ್ಟಿಗೆ ಬಣ್ಣದ ಲೋಳೆ. ಬೆರಳಲ್ಲಿ ತಿಕ್ಕಿದರೆ ಕರಕರ ಅನ್ನುತ್ತದೆ. ಗಾಡಿ ಓಡಿದಷ್ಟೂ ಅದು ಒಳಗಿನ ಗುಂಡನ್ನು ಅರೆಯುತ್ತಾ ಇರುತ್ತದೆ. ಅಗ್ಗದ ಸಾಮಾನಿನಲ್ಲಿ ಮೊದಲು ಹೋಗುವುದು ಈ ಟೊಪ್ಪಿಯೇ. ಅಂಗಡಿಯಲ್ಲಿ ಹೊಳೆಯುವ ಪೇಂಟ್ ನೋಡಿ ಮರುಳಾಗಬೇಡಿ, ಟೊಪ್ಪಿಯನ್ನು ಒತ್ತಿ ನೋಡಿ. ಮೆತ್ತಗಿರಬೇಕು, ಕ್ಲಿಪ್ ಸುತ್ತಲೂ ಸರಿಯಾಗಿ ಕೂತಿರಬೇಕು.

ಕಂಪನಿಯವರು ಎಷ್ಟೋ ಕಾರುಗಳಿಗೆ ಬಾಲ್ ಜಾಯಿಂಟ್ ಬಿಡಿಯಾಗಿ ಕೊಡದೆ ಇಡೀ ಆರ್ಮ್ ಅನ್ನೇ ಮಾರುತ್ತಾರೆ. ದುಬಾರಿ ಅನ್ನಿಸುವುದು ಅದಕ್ಕೇ. ಆದರೆ ಬುಷ್, ಜಾಯಿಂಟ್ ಎಲ್ಲ ಹೊಸದಾಗಿ ಒಟ್ಟಿಗೆ ಬರುತ್ತವೆ. ಎಡಗಡೆಯದ್ದು ಮಾತ್ರ ಹೋಗಿದ್ದರೆ ಎಡಗಡೆಯದ್ದು ಮಾತ್ರ ಹಾಕಿ. ಬಲಗಡೆಯದ್ದನ್ನು ಅಲ್ಲಾಡಿಸಿ ನೋಡಿ, ಗಟ್ಟಿ ಇದ್ದರೆ ಅದರ ಪಾಡಿಗೆ ಬಿಡಿ.

ಶಾಕ್ ಅಬ್ಸಾರ್ಬರಿಗೆ ಈ ಹಟ ಬೇಡ. ಹೆಸರಿರುವ ಮಾಡುವವರದ್ದು, ನಿಮ್ಮ ಡೀಸೆಲ್ ಮಾಡೆಲ್‌ನ ನಂಬರಿನದ್ದೇ ಇದ್ದರೆ ಸಾಕು. ಡೀಸೆಲ್ ಇಂಜಿನ್ ಪೆಟ್ರೋಲ್‌ಗಿಂತ ಭಾರ, ಅದಕ್ಕೆ ಹೇಳಿದೆ. ಇದನ್ನು ಮಾತ್ರ ಜೋಡಿಯಾಗಿ ಹಾಕಬೇಕು, ಒಂದು ಕಡೆ ಹೊಸದು ಒಂದು ಕಡೆ ಹಳೆಯದು ಆದರೆ ಗಾಡಿ ಎರಡು ಮನಸ್ಸಿನಲ್ಲಿ ಓಡುತ್ತದೆ. ಒಳಗಿನ ಬಂಪ್ ಸ್ಟಾಪರ್ (ಶಾಕ್ ಪೂರ್ತಿ ಕುಗ್ಗಿದಾಗ ತಡೆಯುವ ತುಂಡು), ಧೂಳಿನ ಕವರ್ ಹಳೆಯದನ್ನೇ ತುರುಕಲು ಬಿಡಬೇಡಿ. ಹೇಗೂ ಬಿಚ್ಚಿರುತ್ತಾರೆ, ಮೌಂಟೂ ಸವೆದಿದ್ದರೆ ಆಗಲೇ ಬದಲಿಸಿ. ಲಿಂಕ್ ರಾಡ್ ಒಳ್ಳೆಯ ಹೊರಗಿನದ್ದು ಧಾರಾಳ ಸಾಕು. ಅದು ಸವೆದರೆ ಶಬ್ದ ಮಾಡುತ್ತದೆ, ಚಕ್ರ ಬೀಳಿಸುವುದಿಲ್ಲ.

ರಬ್ಬರಿನ ಬದಲು ಪಾಲಿಯುರೆಥೇನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಬುಷ್ ಹಾಕಿ, ಜನ್ಮಕ್ಕೆ ಸಾಕು ಅಂತ ಯಾರಾದರೂ ಹೇಳಬಹುದು. ಗಟ್ಟಿ ಹೌದು, ಆದರೆ ಮಾರ್ಗದ ಒಂದೊಂದು ಕಲ್ಲೂ ನಿಮ್ಮ ಬೆನ್ನಿಗೆ ಗೊತ್ತಾಗುತ್ತದೆ. ಮನೆಮಂದಿ ಓಡಾಡುವ ಕಾರಿಗೆ ರಬ್ಬರೇ ಒಳ್ಳೆಯದು.

ಈಗ ಯಾರೂ ಪಟ್ಟಿಯಲ್ಲಿ ಬರೆಯದ ವಿಷಯ. ‘ಕಂಪನಿ ಸಾಮಾನೇ ಹಾಕಿದ್ದು, ವರ್ಷದೊಳಗೆ ಬುಷ್ ಹರಿಯಿತು’ ಅಂತ ನನ್ನಲ್ಲಿಗೆ ಬರುವವರು ಜಾಸ್ತಿ. ಹೆಚ್ಚಿನ ಸಲ ತಪ್ಪು ಬುಷ್‌ನದ್ದಲ್ಲ, ಬೋಲ್ಟ್ ಬಿಗಿ ಮಾಡಿದ ರೀತಿಯದ್ದು. ಲೋವರ್ ಆರ್ಮ್‌ನ ಬುಷ್‌ನಲ್ಲಿ ರಬ್ಬರು ಒಳಗಿನ ಕೊಳವೆಗೂ ಹೊರಗಿನದ್ದಕ್ಕೂ ಅಂಟಿಕೊಂಡಿರುತ್ತದೆ. ಅದು ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಗಾಡಿ ಜಾಕ್ ಮೇಲೆ, ಚಕ್ರ ಕೆಳಗೆ ನೇತಾಡುತ್ತಿರುವಾಗಲೇ ಬೋಲ್ಟ್ ಪೂರ್ತಿ ಬಿಗಿ ಮಾಡಿದರೆ, ಗಾಡಿ ಇಳಿಸಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇರುತ್ತದೆ. ಗುಂಡಿಗೆ ಬಿದ್ದಾಗ ಇನ್ನಷ್ಟು. ಬೋಲ್ಟನ್ನು ಕೈಬಿಗಿ ಮಾಡಿ, ಗಾಡಿಯ ಭಾರವನ್ನು ಚಕ್ರದ ಮೇಲೆ ಬಿಟ್ಟು, ಆಮೇಲೆ ಪೂರ್ತಿ ಬಿಗಿ ಮಾಡಬೇಕು. ಕೆಲಸದ ಹೊತ್ತಿಗೆ ಹತ್ತಿರ ನಿಂತು ಇದೊಂದನ್ನು ಕೇಳಿಕೊಳ್ಳಿ. ಒಳ್ಳೆಯ ಮೆಕ್ಯಾನಿಕ್‌ಗೆ ಬೇಜಾರಾಗುವುದಿಲ್ಲ. ಬೇಜಾರಾದರೆ ಬೇರೆಯವರನ್ನು ನೋಡಿ.

ಕೆಲಸ ಮುಗಿದ ಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸಲೇಬೇಕು. ಇಲ್ಲದಿದ್ದರೆ ಉಳಿಸಿದ ದುಡ್ಡನ್ನು ಟಯರ್ ತಿನ್ನುತ್ತದೆ. ಸಾಮಾನಿಗೆ ಜಿಎಸ್‌ಟಿ ಬಿಲ್ ತೆಗೆದುಕೊಳ್ಳಿ, ಬಿಲ್ ಕೊಡಲು ಹಿಂದೆಮುಂದೆ ನೋಡುವ ಕಡೆ ಡೂಪ್ಲಿಕೇಟಿನ ಸಂಭವ ಜಾಸ್ತಿ. ನಿಮ್ಮ ಪಟ್ಟಿ ಯಾವಾಗಿನದ್ದು ಅಂತಲೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಹಳೆ ದರದಲ್ಲಿ ಬರೆದಿದ್ದರೆ ಹೊಸದಾಗಿ ಬರೆಸಿಕೊಳ್ಳಿ.

ಪ್ರಶ್ನೆ: ನನ್ನ ಹಳೆ ಆಲ್ಟೊದಲ್ಲಿ ಹಿಂದಿನ ಸೀಟು ಮಡಚಿ ಅಡಿಕೆ ಗೋಣಿ ಸಾಗಿಸುತ್ತೇನೆ. ಹಿಂಬದಿ ತಗ್ಗಿ ನೆಲಕ್ಕೆ ತಾಗುತ್ತದೆ. ಸ್ಪ್ರಿಂಗ್ ನಡುವೆ ರಬ್ಬರ್ ಬಫರ್ ಹಾಕಿದರೆ ಸಾಕೇ?
– ಓದುಗರು, ಮಂಜೇಶ್ವರ

ಉತ್ತರ: ಸುಮ್ನೆ ಯಾಕೆ? ಬಫರ್ ಸ್ಪ್ರಿಂಗಿನ ಒಂದು ಸುತ್ತನ್ನು ಕೆಲಸ ಮಾಡದ ಹಾಗೆ ಹಿಡಿದಿಡುತ್ತದೆ, ಅಷ್ಟೇ. ಹಿಂಬದಿ ಎತ್ತರ ಕಾಣುತ್ತದೆ, ಆದರೆ ಉಳಿದ ಸುತ್ತುಗಳಿಗೆ ಭಾರ ಜಾಸ್ತಿ. ಖಾಲಿ ಗಾಡಿ ಓಡಿಸುವಾಗ ಕುಪ್ಪಳಿಸುತ್ತದೆ. ಸ್ಪ್ರಿಂಗ್ ಕುಸಿದಿದ್ದರೆ ಹಿಂದಿನ ಎರಡನ್ನೂ ಹೊಸದು ಹಾಕಿ. ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಭಾರ ಇರುವಾಗಿನ ಗಾಳಿಯ ಅಳತೆ ಇರುತ್ತದೆ, ಗೋಣಿ ಹೇರುವ ದಿನ ಅಷ್ಟು ಹಾಕಿಸಿ. ಆಮೇಲೂ ತಾಗಿದರೆ ಗೋಣಿ ಕಡಿಮೆ ಮಾಡಿ, ಎರಡು ಸಲ ಹೋಗಿ.

ಪ್ರಶ್ನೆ: ಮನೆ ಕಡಲ ಬದಿಯಲ್ಲಿ. ಹಿಂದಿನ ಸ್ಪ್ರಿಂಗ್ ಕೂರುವ ಬಟ್ಟಲು ತುಕ್ಕು ಹಿಡಿದಿದೆ. ಪೇಂಟ್ ಹೊಡೆದರೆ ಆದೀತೇ?
– ಓದುಗರು, ಉಪ್ಪಳ

ಉತ್ತರ: ಸ್ಕ್ರೂಡ್ರೈವರಿನಿಂದ ಗಟ್ಟಿಯಾಗಿ ಚುಚ್ಚಿ ನೋಡಿ. ಪದರ ಉದುರಿ ಕೆಳಗೆ ಗಟ್ಟಿ ಕಬ್ಬಿಣ ಸಿಕ್ಕರೆ ತಿಕ್ಕಿ, ತುಕ್ಕು ತಡೆಯುವ ಪ್ರೈಮರ್ ಬಳಿದು ಪೇಂಟ್ ಮಾಡಿಸಿ. ಸ್ಕ್ರೂಡ್ರೈವರ್ ಒಳಗೆ ಹೊಕ್ಕರೆ ಪೇಂಟ್ ಬೇಡ, ವೆಲ್ಡಿಂಗ್ ಬಲ್ಲವರಿಗೆ ತೋರಿಸಿ. ಅಲ್ಲಿಯವರೆಗೆ ಗಾಡಿ ತೆಗೆಯಬೇಡಿ.