ಐದು ವರ್ಷ ಅಂದರೆ ಐದೇ ವರ್ಷ

ಸಾಗರದ ಓದುಗರೊಬ್ಬರ ಪತ್ರ: 'ಚುನಾವಣೆ ಅಂದರೆ ದುಡ್ಡು ದಂಡ, ಕೆಲಸ ಹಾಳು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಚುನಾವಣೆ ಮುಂದೂಡಿಯೂ ದೇಶ ನಡೆಸಲಿಲ್ಲವೇ? ನಮ್ಮಲ್ಲೂ ಅವಧಿ ಜಾಸ್ತಿ ಮಾಡಿದರೆ ಏನು ತಪ್ಪು?'

ಸಂಪಾದಕರ ಉತ್ತರ: ಇತಿಹಾಸ ಹಿಡಿದುಕೊಂಡು ಜಗಳಕ್ಕೆ ಬರುವ ಓದುಗರು ನನಗಿಷ್ಟ. ಆದರೆ ಸ್ವಾಮಿ, ನೀವು ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದ್ದೀರಿ.

ಆ ಸಭೆ ಆರಿಸಿ ಬಂದದ್ದು 1910ರ ಡಿಸೆಂಬರ್‌ನಲ್ಲಿ. ಲಿಬರಲ್ಲರು 272, ಕನ್ಸರ್ವೇಟಿವರು 271. ಆಗ ಬ್ರಿಟನ್ನಿನ ಆಳ್ವಿಕೆಯಲ್ಲಿದ್ದ ಐರ್ಲೆಂಡಿನ ಸದಸ್ಯರ ಬೆಂಬಲದಲ್ಲಿ ಲಿಬರಲ್ ಪ್ರಧಾನಿ ಆಸ್ಕ್ವಿತ್ ಸರ್ಕಾರ ನಿಂತಿತ್ತು. 1911ರಲ್ಲಿ ಅದೇ ಸಭೆ ಪಾರ್ಲಿಮೆಂಟಿನ ಅವಧಿಯನ್ನು ಏಳು ವರ್ಷದಿಂದ ಐದಕ್ಕೆ ಇಳಿಸಿತು. ತಮಾಷೆ ನೋಡಿ, ಇಳಿಸಿದವರೇ ಐದು ಸಲ ಕಾನೂನು ಮಾಡಿ ಅವಧಿ ಹಿಗ್ಗಿಸಿಕೊಂಡು, ಹೆಚ್ಚುಕಡಿಮೆ ಎಂಟು ವರ್ಷ ಕೂತರು! ವಿಸರ್ಜನೆಯಾದದ್ದು 1918ರ ನವೆಂಬರ್ 25ಕ್ಕೆ.

ಯುದ್ಧ ನಡೆಯುತ್ತಿತ್ತು, ಲಕ್ಷಾಂತರ ಮತದಾರರು ಕಂದಕಗಳಲ್ಲಿದ್ದರು. ಅಷ್ಟರ ಮಟ್ಟಿಗೆ ನಿಮ್ಮ ಮಾತು ಒಪ್ಪಿದೆ.

ಆದರೆ ಐರ್ಲೆಂಡ್ ಏನಾಯಿತು? 1916ರಲ್ಲಿ ಡಬ್ಲಿನ್ನಿನಲ್ಲಿ ಬ್ರಿಟಿಷರ ವಿರುದ್ಧ ದಂಗೆಯಾಯಿತು, ಅವರು ಮುಖಂಡರನ್ನು ಗುಂಡಿಟ್ಟು ಕೊಂದರು. ಜನರ ಮನಸ್ಸು ಮಗುಚಿಬಿತ್ತು. 1917ರ ಉಪಚುನಾವಣೆಯಲ್ಲಿ ಆ ದಂಗೆಯ ಮುಖಂಡರಲ್ಲಿ ಬದುಕುಳಿದ ಡಿ ವಲೇರಾ ಗೆದ್ದಾಗ ಅದು ಕಣ್ಣಿಗೂ ಬಿತ್ತು. ಆದರೂ ಲಂಡನ್ನಿನಲ್ಲಿ ಐರ್ಲೆಂಡಿನ ಹೆಸರಲ್ಲಿ ಮಾತಾಡುತ್ತಿದ್ದವರಲ್ಲಿ ಹೆಚ್ಚಿನವರು 1910ರ ಹಳಬರೇ. ಕೊನೆಗೆ 1918ರ ಚುನಾವಣೆಯಲ್ಲಿ ಅವರ ಪಕ್ಷ 74ರಿಂದ 7ಕ್ಕೆ ಬಿತ್ತು, ಸ್ವತಂತ್ರ ಐರ್ಲೆಂಡ್ ಬೇಕೆನ್ನುತ್ತಿದ್ದ ಶಿನ್ ಫೇನ್ ಪಕ್ಷ 73 ಸೀಟು ಗೆದ್ದಿತು. ಗೆದ್ದವರು ಲಂಡನ್ನಿಗೆ ಹೋಗಲೇ ಇಲ್ಲ, ಡಬ್ಲಿನ್ನಿನಲ್ಲಿ ತಮ್ಮದೇ ಸಭೆ ಕೂಡಿಸಿದರು. ಬೇಗ ಚುನಾವಣೆ ನಡೆದಿದ್ದರೆ ಎಲ್ಲ ಸರಿಹೋಗುತ್ತಿತ್ತು ಅನ್ನುವುದಿಲ್ಲ. ಜನ ಕೈಬಿಟ್ಟವರ ಜೊತೆ ಮಾತಾಡುತ್ತಾ ಕಾಲ ಕಳೆಯುವುದಾದರೂ ತಪ್ಪುತ್ತಿತ್ತು.

ಇನ್ನೊಂದು ಮಾತು. 1911ರ ಆ ಕಾನೂನು ಪಾರ್ಲಿಮೆಂಟಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯ ರೆಕ್ಕೆ ಕತ್ತರಿಸಿದರೂ, ಅವಧಿ ಹೆಚ್ಚಿಸುವ ಮಸೂದೆಯನ್ನು ತಡೆಯುವ ಅಧಿಕಾರವನ್ನು ಮಾತ್ರ ಅದಕ್ಕೆ ಪೂರ್ತಿ ಬಿಟ್ಟಿತ್ತು. ಕುರ್ಚಿ ಸಿಕ್ಕವರ ಮೇಲೆ ಅವರಿಗೇ ಅಷ್ಟು ಅನುಮಾನ!

ನಮಗೂ ಇದು ಹೊಸದಲ್ಲ. 1971ರಲ್ಲಿ ಆರಿಸಿದ ಲೋಕಸಭೆಯನ್ನು ತುರ್ತು ಪರಿಸ್ಥಿತಿಯಲ್ಲಿ ಎರಡು ಸಲ ಮುಂದುವರಿಸಿದರು. ಆಗ ವಿರೋಧ ಪಕ್ಷದ ನಾಯಕರು ಎಲ್ಲಿದ್ದರು? ಜೈಲಿನಲ್ಲಿ. ಈಗ ಕಾನೂನು ತಿದ್ದುವ ಕಷ್ಟವೂ ಬೇಡ, ಸುಮ್ನೆ ಇದ್ದರೆ ಸಾಕು. ಬೆಂಗಳೂರು ಪಾಲಿಕೆ ಸದಸ್ಯರ ಅವಧಿ 2020ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದ್ದೇ ಕಾರುಬಾರು. ಮೀಸಲಾತಿ ಪಟ್ಟಿ, ವಾರ್ಡ್ ವಿಂಗಡಣೆ, ಕೋರ್ಟು ಅಂತ ಒಂದಲ್ಲ ಒಂದು ನೆಪ. 2021ರಲ್ಲಿ ಅವಧಿ ಮುಗಿದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಪಾಡೂ ಅದೇ. ನೀವು ಕೇಳಿದ ಹಾಗೆ ಚುನಾವಣೆಯ ದುಡ್ಡು ಉಳಿದಿದೆ, ಅಲ್ವಾ? ಅದರಲ್ಲಿ ನಿಮ್ಮ ಊರಿಗೆ ಏನು ಬಂತು ಅಂತ ಮುಂದಿನ ಪತ್ರದಲ್ಲಿ ಬರೆಯಿರಿ, ಖಂಡಿತ ಅಚ್ಚು ಹಾಕುತ್ತೇವೆ.