ಪ್ರಾಕ್ಟೀಸ್‌ನಲ್ಲಿ ಹುಲಿ, ಮ್ಯಾಚ್‌ನಲ್ಲಿ ಇಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಶಿವಮೊಗ್ಗದ ಒಂದು ಪದವಿ ಕಾಲೇಜಿನಲ್ಲಿ ‘ಕ್ರೀಡೆಯಲ್ಲಿ ಮನಸ್ಸಿನ ತಯಾರಿ’ ಅನ್ನುವ ಪೇಪರ್ ಹೇಳಿಕೊಡುತ್ತೇನೆ. ಒಂದೇ ಸೆಮಿಸ್ಟರ್‌ನದ್ದು, ಯಾವ ವಿಭಾಗದವರು ಬೇಕಾದರೂ ತಗೊಳ್ಳಬಹುದು. ಇದು ಶುರುವಾದಾಗಿನಿಂದ ಸ್ಟೇಡಿಯಂ ಗೇಟಿನಲ್ಲಿ, ಸಾಗರದ ಬಸ್ಸಿನಲ್ಲಿ, ಕೊನೆಗೆ ಮದುವೆ ಊಟದ ಪಂಕ್ತಿಯಲ್ಲೂ ಜನ ಹಿಡಿದು ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ಕೆಲವರು ಬರೆದೂ ಕೊಡುತ್ತಾರೆ. ಹೆಚ್ಚುಕಮ್ಮಿ ಅದೇ ಏಳೆಂಟು ಪ್ರಶ್ನೆ. ಪಾಯಸ ಬಡಿಸುವವರು ಮುಂದೆ ಹೋಗಿಬಿಡುತ್ತಾರೆ, ನನ್ನ ಉತ್ತರ ಮುಗಿದಿರುವುದಿಲ್ಲ. ಅದಕ್ಕೇ ಇಲ್ಲಿ ಬರೆದು ಮುಗಿಸುತ್ತಿದ್ದೇನೆ. ಗುರಿ ಇಟ್ಟುಕೊಳ್ಳಿ, ಚೆನ್ನಾಗಿ ನಿದ್ದೆ ಮಾಡಿ ಅನ್ನುವುದನ್ನೆಲ್ಲ ಮತ್ತೆ ಹೇಳಲ್ಲ, ಅದು ನಿಮಗೆ ಗೊತ್ತು.

ಮೇಡಂ, ನಾನು ತೀರ್ಥಹಳ್ಳಿ ಕಡೆಯವಳು, ಬಿ.ಕಾಂ. ಎರಡನೇ ವರ್ಷ. ಕಾಲೇಜ್ ಕಬಡ್ಡಿ ಟೀಮಲ್ಲಿ ರೈಡರ್. ಪ್ರಾಕ್ಟೀಸಲ್ಲಿ ಯಾರ ಕೈಗೂ ಸಿಗಲ್ಲ. ಮ್ಯಾಚಲ್ಲಿ ಡೂ ಆರ್ ಡೈ ರೈಡ್, ಅಂದ್ರೆ ಪಾಯಿಂಟ್ ತರಲೇಬೇಕಾದ ರೈಡ್ ಬಂದ್ರೆ ಕಾಲು ಕಲ್ಲಾಗುತ್ತೆ. ಪಿ.ಇ. ಸರ್ ‘ನಿಂಗೆ ಕಾನ್ಫಿಡೆನ್ಸ್ ಇಲ್ಲ’ ಅಂತಾರೆ. ಒಬ್ರು ಮನಸ್ಸು ಖಾಲಿ ಮಾಡ್ಕೋ ಅಂದ್ರು, ಇನ್ನೊಬ್ರು ದಿನಾ ಕಣ್ಣು ಮುಚ್ಚಿ ಕಪ್ ಎತ್ತೋದನ್ನ ನೋಡು ಅಂದ್ರು. ನಿಮ್ಮ ಕೋರ್ಸ್ ತಗೊಂಡ್ರೆ ಸರಿ ಹೋಗುತ್ತಾ?

ನನ್ನ ವಿದ್ಯಾರ್ಥಿಗಳ ವಯಸ್ಸಿನವಳು ನೀನು, ಹಾಗಾಗಿ ‘ನೀನು’ ಅಂತಲೇ ಬರೆಯುತ್ತೇನೆ.

ಮೊದಲು ಆ ‘ಕಾನ್ಫಿಡೆನ್ಸ್ ಇಲ್ಲ’ ಅನ್ನುವ ಮಾತು. ಇದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಜ್ವರ ಬಂದವರಿಗೆ ‘ನಿಂಗೆ ಆರೋಗ್ಯ ಇಲ್ಲ’ ಅಂದ ಹಾಗೆ ಅದು. ಹೇಳಿದವರಿಗೆ ಕೆಲಸ ಮುಗಿಯಿತು, ಕೇಳಿದವಳಿಗೆ ಏನೂ ಸಿಗಲಿಲ್ಲ, ಅಲ್ವಾ?

ಕಾಲು ಕಲ್ಲಾಗುವಾಗ ಒಳಗೆ ಏನಾಗುತ್ತದೆ ಅಂತ ನೋಡೋಣ. ಎರಡು ಕಾರಣಗಳನ್ನು ಹೇಳುತ್ತಾರೆ. ಒಂದು, ತಲೆಯಲ್ಲಿ ಒಂದು ಹೊತ್ತಿಗೆ ಹಿಡಿಯುವ ಜಾಗ ತುಂಬ ಸಣ್ಣದು, ‘ಔಟಾದರೆ ಏನು ಗತಿ’ ಅನ್ನುವ ಚಿಂತೆಯೇ ಅದನ್ನು ತುಂಬಿಕೊಂಡರೆ ಎದುರಿನ ಡಿಫೆಂಡರ್ ಕಡೆ ಗಮನ ಕೊಡಲು ಏನೂ ಉಳಿಯಲ್ಲ. ಎರಡನೆಯದು ಇನ್ನೂ ಕೆಟ್ಟದ್ದು. ನಿನ್ನ ಕಾಲಿಗೆ ತಾನಾಗಿ ಬರುವ ಕೆಲಸವನ್ನು ನೀನು ಮೇಲಿನಿಂದ ಉಸ್ತುವಾರಿ ಮಾಡಲು ಹೋಗುತ್ತೀಯ.

ನಿಮ್ಮ ಕಡೆ ಕಾಲುಸಂಕ ಇದ್ದೇ ಇರುತ್ತದೆ. ಎರಡು ಅಡಿಕೆ ಮರ ಅಡ್ಡ ಹಾಕಿದ್ದರ ಮೇಲೆ ಮಕ್ಕಳು ಬ್ಯಾಗ್ ಹೊತ್ತುಕೊಂಡು ಹರಟೆ ಹೊಡೆಯುತ್ತಾ ಹಳ್ಳ ದಾಟುತ್ತಾರೆ. ಅದೇ ಸಂಕ, ಅದೇ ಅಗಲ, ಆದರೆ ಮಳೆಗಾಲ ಜೋರಾಗಿ ಕೆಳಗೆ ಕೆಂಪು ನೀರು ಸದ್ದು ಮಾಡುತ್ತಾ ಹರಿಯಲು ಶುರುವಾಯಿತು ಅಂದರೆ ಅದೇ ಮಕ್ಕಳು ಪಾದ ನೋಡಿಕೊಂಡು, ಬಲಗಾಲು ಎಲ್ಲಿಡಲಿ ಎಡಗಾಲು ಎಲ್ಲಿಡಲಿ ಅಂತ ಲೆಕ್ಕ ಹಾಕುತ್ತಾರೆ. ಲೆಕ್ಕ ಹಾಕಿದ ಕೂಡಲೇ ಕಾಲು ನಡುಗುತ್ತದೆ. ಆಗ ಮನೆಯ ದೊಡ್ಡವರು ಏನು ಹೇಳುತ್ತಾರೆ? ಕೆಳಗೆ ನೋಡಬೇಡ, ಆಚೆ ದಡ ನೋಡು. ನನ್ನ ಪೇಪರಿನ ಎರಡು ಅಧ್ಯಾಯ ಅಷ್ಟೇ.

ಇದನ್ನು ನಾನು ಪುಸ್ತಕದಿಂದ ಮಾತ್ರ ಕಲಿಯಲಿಲ್ಲ. ವರ್ಷಗಳ ಹಿಂದೆ ನಮ್ಮ ಒಬ್ಬ ಲಾಂಗ್ ಜಂಪ್ ಹುಡುಗಿಗೆ, ಫೈನಲ್‌ಗೆ ಹತ್ತು ನಿಮಿಷ ಇರುವಾಗ, ‘ಬೋರ್ಡ್ ಮೇಲೆ ನಿನ್ನ ಕಾಲು ಎಲ್ಲಿ ಬೀಳುತ್ತೆ ನೋಡ್ಕೋ’ ಅಂದುಬಿಟ್ಟೆ. ಮೂರಕ್ಕೆ ಮೂರೂ ಫೌಲ್. ಅವಳು ಅತ್ತಿದ್ದು ನನಗೆ ಇವತ್ತೂ ನೆನಪಿದೆ. ಅವತ್ತಿನಿಂದ ಮ್ಯಾಚ್ ದಿನ ಯಾರಿಗೂ ತಿದ್ದುಪಡಿ ಹೇಳಲ್ಲ, ಬೇರೆಯವರು ಹೇಳಲು ಬಂದರೂ ಅಡ್ಡ ನಿಲ್ಲುತ್ತೇನೆ. ಇದು ಸ್ವಲ್ಪ ಅತಿಯಾಯಿತು ಅಂತ ಸಹೋದ್ಯೋಗಿಗಳು ಹೇಳುತ್ತಾರೆ. ಇರಲಿ.

ಇನ್ನು ‘ಮನಸ್ಸು ಖಾಲಿ ಮಾಡ್ಕೋ’. ಖಾಲಿ ಮಾಡಲು ಮನಸ್ಸೇನು ನೀರಿನ ಕೊಡವಾ? ಖಾಲಿ ಮಾಡುತ್ತಿದ್ದೇನೆ ಅನ್ನುವ ಯೋಚನೆಯೇ ಅಲ್ಲಿ ಕೂತಿರುತ್ತದೆ. ಖಾಲಿ ಬೇಡ, ಒಂದು ಕೆಲಸ ಕೊಡು. ನಿನ್ನ ಕಾಲಿನ ಮೇಲೆ ಅಲ್ಲ, ಎದುರಿನ ಕಾರ್ನರ್ ಡಿಫೆಂಡರ್‌ನ ಮುಂಗಾಲಿನ ಮೇಲೆ ಕಣ್ಣಿಡು. ಅದಕ್ಕೊಂದು ಪದ ಇಟ್ಟುಕೋ, ‘ಮೂಲೆ’ ಅಂತಲೋ ಇನ್ನೇನೋ. ಒಂದೇ ಪದ ಸಾಕು, ಭಾಷಣ ಬೇಡ.

ಉಸಿರಿನ ವಿಷಯದಲ್ಲಿ ಕಬಡ್ಡಿಯವರಿಗೆ ಒಂದು ಪೇಚು ಇದೆ. ಬಿಲ್ಲುಗಾರ ಬಾಣ ಬಿಡುವ ಮುಂಚೆ ನಿಧಾನಕ್ಕೆ ಉಸಿರಾಡಬಹುದು. ನೀನು ಗೆರೆ ದಾಟಿದ ಮೇಲೆ 30 ಸೆಕೆಂಡ್ ‘ಕಬಡ್ಡಿ ಕಬಡ್ಡಿ’ ಅನ್ನುತ್ತಲೇ ಇರಬೇಕು, ಅಲ್ಲಿ ಯಾವ ಪ್ರಾಣಾಯಾಮವೂ ನಡೆಯಲ್ಲ. ಹಾಗಾಗಿ ಏನು ಮಾಡುವುದಿದ್ದರೂ ಗೆರೆಯ ಈಚೆಗೇ. ಎರಡು ರೈಡ್ ಖಾಲಿ ಹೋಯಿತು, ಮೂರನೆಯದು ನಿನ್ನದು, ಪಾಯಿಂಟ್ ತರದಿದ್ದರೆ ನೀನೇ ಔಟ್. ಅಂಗೈಯನ್ನು ಚಡ್ಡಿಗೆ ಒರೆಸಿಕೋ. ಒಂದೇ ಒಂದು ಉದ್ದ ಉಸಿರು ಹೊರಗೆ ಬಿಡು, ಒಳಗೆ ಎಳೆದದ್ದಕ್ಕಿಂತ ಜಾಸ್ತಿ ಹೊತ್ತು. ಉಸಿರು ಬಿಡುವಾಗ ಎದೆ ಬಡಿತ ತುಸು ನಿಧಾನ ಆಗುತ್ತದೆ, ಅದು ದೇಹದ ಸ್ವಭಾವ. ಮುಂಗಾಲು ನೋಡು, ಪದ ಹೇಳಿಕೋ, ಹೊರಡು. ನಾಲ್ಕು ಕೆಲಸ, ಐದಾರು ಸೆಕೆಂಡ್. ಆಮೇಲೂ ಎದೆ ಹೊಡೆದುಕೊಳ್ಳುತ್ತಿದ್ದರೆ ಹೊಡೆದುಕೊಳ್ಳಲಿ ಬಿಡು. ಹೆದರಿಕೆಗೂ ಹುರುಪಿಗೂ ದೇಹ ತೋರಿಸುವ ಲಕ್ಷಣ ಹೆಚ್ಚುಕಮ್ಮಿ ಒಂದೇ. ಆಲಿಸನ್ ವುಡ್ ಬ್ರೂಕ್ಸ್ ಅನ್ನುವ ಸಂಶೋಧಕಿ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಾಡುವ ಮುಂಚೆ, ಭಾಷಣದ ಮುಂಚೆ ‘ನನಗೆ ಹುರುಪು ಬಂದಿದೆ’ ಅಂದುಕೊಂಡವರು ‘ಶಾಂತವಾಗಿರು’ ಅಂದುಕೊಂಡವರಿಗಿಂತ ಚೆನ್ನಾಗಿ ಮಾಡಿದರು. ಅವರು ಯಾರೂ ಕಬಡ್ಡಿ ಆಡಲಿಲ್ಲ, ಅದನ್ನೂ ಹೇಳಿಬಿಡಬೇಕು.

ಆದರೆ ಇದೆಲ್ಲ ಮ್ಯಾಚ್ ದಿನ ಮೊದಲ ಸಲ ಮಾಡಿದರೆ ಉಪಯೋಗಕ್ಕೆ ಬರಲ್ಲ. ನಿನ್ನ ನಿಜವಾದ ತೊಂದರೆ ಇರುವುದು ನಿನ್ನ ಪ್ರಾಕ್ಟೀಸ್‌ನಲ್ಲಿ. ಅಲ್ಲಿ ಡೂ ಆರ್ ಡೈ ಯಾವತ್ತಾದರೂ ಬರುತ್ತದಾ? ಔಟಾದರೆ ನಗುತ್ತಾ ಮತ್ತೆ ಹೋಗುತ್ತೀರಿ. ಅಂದರೆ ಮ್ಯಾಚ್‌ನಲ್ಲಿ ಮಾಡಬೇಕಾದ ಕೆಲಸವನ್ನು ನೀನು ಪ್ರಾಕ್ಟೀಸೇ ಮಾಡಿಲ್ಲ.

ನಿಮ್ಮ ಪಿ.ಇ. ಸರ್‌ಗೆ ಇಷ್ಟು ತೋರಿಸು. ವಾರಕ್ಕೆ ಎರಡು ದಿನ, ಪ್ರಾಕ್ಟೀಸ್ ಕೊನೆಗೆ, ಎಲ್ಲರೂ ಸುಸ್ತಾದಾಗ, ಪೂರ್ತಿ ಟೀಮ್ ಸುತ್ತ ನಿಂತು ಗಲಾಟೆ ಮಾಡಬೇಕು. ಸ್ಕೋರ್ 24-25, ನೀವು ಹಿಂದೆ, ಕೊನೆಯ ರೈಡ್, ವಿಸಿಲ್ ಊದಬೇಕು. ಒಂದೇ ಅವಕಾಶ. ಸೋತರೆ ಅವತ್ತು ಮ್ಯಾಟ್ ಸುತ್ತಿಡುವ ಕೆಲಸ ನಿನ್ನದು, ಗೆದ್ದರೆ ಡಿಫೆಂಡರ್‌ಗಳದ್ದು. ಎರಡನೇ ಅವಕಾಶ ಕೇಳಬಾರದು, ಕೊಡಬಾರದು. ಬೈಯುವುದೂ ಬೇಡ, ಮೈದಾನ ಸುತ್ತು ಹೊಡೆಸುವುದೂ ಬೇಡ. ಬೈಗುಳದಿಂದ ಒತ್ತಡ ಅಭ್ಯಾಸವಾಗಲ್ಲ, ಸರ್ ಮುಖ ಕಂಡರೆ ಭಯ ಅಭ್ಯಾಸವಾಗುತ್ತದೆ. ಪಂದ್ಯಾವಳಿಗೆ ಒಂದೂವರೆ ತಿಂಗಳು ಮುಂಚೆ ಶುರು ಮಾಡಿ. ಮಂಡಿ, ಹಿಮ್ಮಡಿ ನೋಯುತ್ತಿದ್ದರೆ ಅವತ್ತು ಬಿಟ್ಟುಬಿಡು.

ದೊಡ್ಡವರೂ ಇದನ್ನೇ ಮಾಡಿದ್ದು. ಶೂಟಿಂಗ್‌ನಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದ ಅಭಿನವ್ ಬಿಂದ್ರಾ 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚೆ ಜರ್ಮನಿಯಲ್ಲಿ ಸುಮಾರು 40 ಅಡಿ ಎತ್ತರದ ಕಂಬ ಹತ್ತಿದರು, ಹೆದರಿಕೆ ಇಟ್ಟುಕೊಂಡೇ. ರೈಫಲ್ ಹಿಡಿಯುವವರಿಗೆ ಕಂಬ ಯಾಕೆ? ಹೆದರಿಕೆ ಹೋಗಲಿ ಅಂತಲ್ಲ, ಹೆದರಿಕೆ ಇದ್ದಾಗಲೂ ಕೈಕಾಲು ಕೆಲಸ ಮಾಡುತ್ತವೆ ಅಂತ ಗೊತ್ತಾಗಲಿ ಅಂತ. ಬೀಜಿಂಗ್ ಫೈನಲ್‌ನಲ್ಲಿ ಅವರ ಕೊನೆಯ ಗುಂಡಿಗೆ ಸಿಕ್ಕಿದ್ದು 10.8 ಅಂಕ, ಒಂದು ಗುಂಡಿಗೆ ಪೂರ್ತಿ ಅಂಕವೇ 10.9.

ಕಪ್ ಎತ್ತುವುದನ್ನು ಕಣ್ಣು ಮುಚ್ಚಿ ನೋಡುವುದು ಹಗಲುಗನಸು. ಬೇಕಾದರೆ ಕಾಣು, ಯಾರೂ ಬೇಡ ಅನ್ನಲ್ಲ. ಮನಸ್ಸಿನಲ್ಲೇ ಆಡಿ ನೋಡುವುದು ಅಂದರೆ ಬೇರೆ. ಜೆರ್ಸಿ ಹಾಕಿಕೊಂಡು, ನಿಂತುಕೊಂಡು, ನಿಜವಾದ ವೇಗದಲ್ಲಿ ಅದೇ ರೈಡ್ ನಡೆಸಬೇಕು, ಎದೆ ಬಡಿತದ ಸಮೇತ. ಹಿಡಿದರೆ ಹೇಗೆ ಜಾರಿಕೊಳ್ಳುವುದು ಅನ್ನುವುದೂ ಅದರಲ್ಲಿರಬೇಕು. ಹೇಗೂ ಜುಲೈನಲ್ಲಿ ನಿಮ್ಮ ಕಡೆ ಅಂಕಣಕ್ಕೆ ಇಳಿಯೋಕೆ ಆಗಲ್ಲ. ಜಗಲಿಯಲ್ಲಿ ದಿನಕ್ಕೆ ಐದು ನಿಮಿಷ ಸಾಕು.

ಕೋರ್ಸ್ ತಗೊಂಡರೆ ಸರಿ ಹೋಗುತ್ತಾ ಅಂದೆಯಲ್ಲ. ಕೋರ್ಸ್ ತಗೊಂಡರೆ ಹೋಗಲ್ಲ, ಮೇಲೆ ಹೇಳಿದ್ದನ್ನು ಮಾಡಿದರೆ ಬಹಳ ಮಟ್ಟಿಗೆ ಹೋಗುತ್ತದೆ.

ಮಗನನ್ನು ಮಿಡ್ ಬ್ರೇನ್ ಆಕ್ಟಿವೇಷನ್ ಕ್ಲಾಸಿಗೆ ಸೇರಿಸಿದರೆ ಬ್ಯಾಟಿಂಗ್‌ನಲ್ಲಿ ಗಮನ ಹೆಚ್ಚುತ್ತದೆ ಅಂತಾರೆ, ಹೌದೇ?

ಶುದ್ಧ ಮೋಸ. ಮೆದುಳಿನ ನಡುಭಾಗವನ್ನು ಎಬ್ಬಿಸುತ್ತೇವೆ ಅನ್ನುವ ಆ ಕ್ಲಾಸಿನ ಮಕ್ಕಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದುವುದು ಮೂಗಿನ ಪಕ್ಕದ ಸಂದಿಯಿಂದ. ಆ ಸಂದಿ ಮುಚ್ಚಿ ನೋಡಿ, ಆಕ್ಟಿವೇಷನ್ ಅಲ್ಲೇ ನಿಂತುಹೋಗುತ್ತದೆ. ಬೆರಳಚ್ಚು ನೋಡಿ ‘ಇವನು ಸ್ಪಿನ್ನರ್ ಆಗ್ತಾನೆ’ ಅನ್ನುವವರೂ ಇದೇ ಸಾಲಿನವರು. ಆ ದುಡ್ಡಿಗೆ ಒಳ್ಳೆ ಶೂ ಕೊಡಿಸಿ.

ಬೌಂಡರಿ ಹೊರಗೆ ನಿಂತು ಮಗನಿಗೆ ಏನು ಹೇಳಿದರೆ ಒಳ್ಳೆಯದು?

ಏನೂ ಹೇಳಬೇಡಿ. ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್ ಆಡಿದರು. ಮೊದಲ ಇನಿಂಗ್ಸ್ ಸೊನ್ನೆ, ಎರಡನೆಯದರಲ್ಲಿ 137. ಸೊನ್ನೆಗೆ ಔಟಾಗಿ ಬಂದವರನ್ನು ನಾಯಕ ಪಟೌಡಿ ಗದರಲಿಲ್ಲ, ಧೈರ್ಯ ಹೇಳಿದರು ಅಂತ ವಿಶ್ವನಾಥ್ ಅವರೇ ನೆನಪಿಸಿಕೊಂಡಿದ್ದಾರೆ. ಸ್ಟಾನ್ಸ್ ತಿದ್ದಿದರು ಅಂತ ಎಲ್ಲೂ ಕೇಳಿಲ್ಲ ನಾನು. ನೀವು ಅಪ್ಪ, ಕೋಚ್ ಅಲ್ಲ. ಬರುವಾಗ ದಾರಿಯಲ್ಲಿ ಮಸಾಲೆ ದೋಸೆ ಕೊಡಿಸಿ, ಸ್ಕೋರ್ ಕೇಳದೆ.

ಬಿಲ್ಲುಗಾರಿಕೆ ಮಾಡ್ತೀನಿ, ಕೈ ನಡುಗುತ್ತೆ. ಬಿಪಿಗೆ ಕೊಡೋ ಒಂದು ಮಾತ್ರೆ ನುಂಗಿದ್ರೆ ನಿಲ್ಲುತ್ತೆ ಅಂದ್ರು ಫ್ರೆಂಡ್ಸ್.

ಆ ಮಾತ್ರೆಗಳಿಗೆ ಬೀಟಾ ಬ್ಲಾಕರ್ ಅನ್ನುತ್ತಾರೆ. ಬಿಲ್ಲುಗಾರಿಕೆಗೂ ಶೂಟಿಂಗ್‌ಗೂ ಅದು ನಿಷಿದ್ಧ, ಪಂದ್ಯ ಇಲ್ಲದ ದಿನಗಳಲ್ಲೂ. ಅಸ್ತಮಾ ಇದ್ದವರಿಗೆ ಅಪಾಯ ಬೇರೆ. ಅಂಥ ಫ್ರೆಂಡ್ಸ್ ಬೇಡ.

ಪಂದ್ಯಕ್ಕೆ ಮುಂಚೆ ಸಿಗಂದೂರಿನ ಕುಂಕುಮ ಹಚ್ಚಿಕೊಳ್ಳುತ್ತೇನೆ. ಇದೂ ಮನಸ್ಸಿನ ತಯಾರಿಯೇ?

ಹಚ್ಚಿಕೊಳ್ಳಿ, ಒಳ್ಳೆಯದೇ. ಕುಂಕುಮದ ಪೊಟ್ಟಣ ಮನೆಯಲ್ಲೇ ಉಳಿದ ದಿನವೂ ಅಷ್ಟೇ ಚೆನ್ನಾಗಿ ಆಡಲು ಬಂದರೆ ಸರಿ.

ನಿಮ್ಮ ಪೇಪರ್ ಮಾಡಿದರೆ ಸ್ಪೋರ್ಟ್ಸ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕಬಹುದಾ?

ದಯವಿಟ್ಟು ಬೇಡ. ಮೊದಲು ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ, ಆಮೇಲೆ ಅನುಭವಸ್ಥರ ಕೈಕೆಳಗೆ ವರ್ಷಗಟ್ಟಲೆ ಕೆಲಸ. ಕಾಯಿಲೆಗೆ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಲೇಬೇಕು. ಎರಡು ದಿನದ ಕಾರ್ಯಾಗಾರ ಮುಗಿಸಿ ‘ಮೈಂಡ್ ಕೋಚ್’ ಅಂತ ಕಾರ್ಡ್ ಹಂಚುವವರು ಈಗಾಗಲೇ ಜಾಸ್ತಿಯಾಗಿದ್ದಾರೆ.

ಎರಡು ತಿಂಗಳಿಂದ ನಿದ್ದೆ ಬರ್ತಿಲ್ಲ, ಮೈದಾನಕ್ಕೆ ಹೋಗೋದೇ ಬೇಡ ಅನಿಸುತ್ತೆ, ಊಟ ಸೇರಲ್ಲ. ಕಾನ್ಫಿಡೆನ್ಸ್ ಹೆಚ್ಚಿಸಿಕೊಳ್ಳೋದು ಹೇಗೆ?

ಇದಕ್ಕೆ ನಾನು ತಮಾಷೆ ಮಾಡಲ್ಲ. ಇದು ಕಾನ್ಫಿಡೆನ್ಸ್ ವಿಷಯ ಅಲ್ಲ, ನನ್ನ ಪೇಪರಿನ ವಿಷಯವೂ ಅಲ್ಲ. ಈ ವಾರವೇ ಮನೋವೈದ್ಯರನ್ನು ನೋಡಿ. ಅಲ್ಲಿಯವರೆಗೆ ಕಾಯುವುದು ಬೇಡ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಇವತ್ತೇ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಒಬ್ಬರಿಗಾದರೂ ತಿಳಿಸಿ. ಪಂದ್ಯ ಎಲ್ಲೂ ಓಡಿಹೋಗಲ್ಲ.

ಸೆಮಿಸ್ಟರ್ ಪರೀಕ್ಷೆಗೆ ಯಾವ ಪ್ರಶ್ನೆ ಬರುತ್ತೆ ಮೇಡಂ?

ನಿಮ್ಮ ಹೆಸರು ಬರೆದಿಲ್ಲ, ಆದರೆ ಅಕ್ಷರ ನನಗೆ ಗೊತ್ತು. ಒತ್ತಡಕ್ಕೂ ಸಾಧನೆಗೂ ಇರುವ ಸಂಬಂಧ ಅಂದ ಕೂಡಲೇ ಎಲ್ಲರೂ ಹೆಸರಿಸುವ ಯರ್ಕ್ಸ್ ಮತ್ತು ಡಾಡ್ಸನ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರ ಪ್ರಯೋಗ ಬರಬಹುದು. ಎಲ್ಲರೂ ಬೋರಲು ಹಾಕಿದ ಬಟ್ಟಲಿನ ಹಾಗೆ ಒಂದು ಗೆರೆ ಎಳೆದು ‘ಮಿತವಾದ ಒತ್ತಡ ಆಟಗಾರರಿಗೆ ಒಳ್ಳೆಯದು’ ಅಂತ ಬರೆದು ಕೂರುತ್ತೀರಿ. 1908ರಲ್ಲಿ ಅವರು ಕರೆಂಟ್ ಶಾಕ್ ಕೊಟ್ಟಿದ್ದು ಇಲಿಗಳಿಗೆ. ಅದನ್ನು ಬರೆಯದಿದ್ದರೆ ಎರಡು ಅಂಕ ಕಟ್.